ಹೋಗಿ ಬರುವವರ ಪುಸ್ತಕ

ಅವಳು ನಮ್ಮ ಗಡಿ ಠಾಣೆಗೆ ಕೆಲಸಕ್ಕೆ ಬಂದ ದಿನ ನಾನು ಮುಖ ಗಂಟು ಹಾಕಿಕೊಂಡೇ ಇದ್ದೆ. ಅದರಲ್ಲಿ ವಿಶೇಷವೇನೂ ಇಲ್ಲ. ಇಪ್ಪತ್ತೊಂಬತ್ತು ವರ್ಷ ಒಂದೇ ಕಿಟಕಿಯ ಹಿಂದೆ ಕೂತು ಸೇತುವೆ ದಾಟುವವರನ್ನು ನೋಡಿದವನ ಮುಖ ಇನ್ನು ಹೇಗಿರಬೇಕು? ಠಾಣೆಯವರು ಬೆನ್ನ ಹಿಂದೆ ನನ್ನನ್ನು ಗೊಣಗಪ್ಪ ಎನ್ನುತ್ತಾರೆ, ಎದುರಿಗೆ ಸಾರ್ ಎನ್ನುತ್ತಾರೆ. ಎರಡಕ್ಕೂ ನಾನು ತಿರುಗಿ ನೋಡುತ್ತೇನೆ.

ಅವಳಿಗೆ ಆಗ ಮೂವತ್ತನಾಲ್ಕು. ಮೂವತ್ತೈದು ತುಂಬಿದವರನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಬಾಗಿಲು ಮುಚ್ಚುವ ಹೊತ್ತಿಗೆ ಹೇಗೋ ಒಳಗೆ ನುಗ್ಗಿದವಳು. ಅದಕ್ಕೆ ಮೊದಲು ಒಂಬತ್ತು ವರ್ಷ ಒಂದು ಖಾಸಗಿ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸಿದ್ದಳು. ಅವಳ ಕೈಬರಹ ನೋಡಿದ ದಿನವೇ ನಮ್ಮವರು ಅವಳಿಗೆ ‘ಟೀಚರ್’ ಎಂದು ಹೆಸರಿಟ್ಟರು. ನಮ್ಮ ಪುಸ್ತಕಗಳಲ್ಲಿ ಇರುವೆ ಶಾಯಿಯಲ್ಲಿ ಬಿದ್ದು ಎದ್ದು ಹೋದಂತೆ ಇರುತ್ತಿದ್ದ ಅಕ್ಷರಗಳ ನಡುವೆ ಅವಳ ಗುಂಡು ಗುಂಡು ಸಾಲುಗಳು ಎದ್ದು ಕಾಣುತ್ತಿದ್ದವು. ‘ಇಷ್ಟು ಚೆಂದ ಬರೆದ್ರೆ ಮೇಲಿನವರು ಓದಿಬಿಡ್ತಾರಮ್ಮಾ, ಹುಷಾರು’ ಎಂದು ನಾನೇ ಒಂದು ಸಲ ಹೇಳಿದ್ದೆ. ಅವಳು ನಕ್ಕಿದ್ದಳು. ಮೊದಮೊದಲು ನಗುತ್ತಿದ್ದಳು.

ಸ್ಟೋರಿನಲ್ಲಿ ಅವಳ ಕಾಲಿನ ಅಳತೆಯ ಬೂಟು ಇರಲಿಲ್ಲ. ಎರಡು ಅಳತೆ ದೊಡ್ಡದು ಕೊಟ್ಟು, ಮುಂದೆ ಪೇಪರ್ ತುರುಕಿಕೋ ಎಂದಿದ್ದರು. ತರಬೇತಿಯಲ್ಲಿ ಮೂರು ತಿಂಗಳು ಅದೇ ಬೂಟಿನಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯರ ಜೊತೆ ಓಡಿ, ಎಲ್ಲರಿಗಿಂತ ಕೊನೆಯಲ್ಲಿ ಮುಟ್ಟಿ, ಅಂತೂ ಪಾಸಾಗಿದ್ದಳು. ಓಡುವುದು, ತೆವಳುವುದು, ಗುರಿ ಇಡುವುದು, ಕಾನೂನಿನ ಕಲಮುಗಳು, ಎಲ್ಲ ಕಲಿಸಿದ್ದರು. ಈ ಕೆಲಸವೆಂದರೆ ತಗಡಿನ ಮಾಡಿನ ಕೆಳಗೆ ಎಂಟು ಗಂಟೆ ಕಬ್ಬಿಣದ ಕುರ್ಚಿಯಲ್ಲಿ ಕೂರುವುದು, ಒಂದೇ ಪ್ರಶ್ನೆಯನ್ನು ದಿನಕ್ಕೆ ಆರುನೂರು ಸಲ ಕೇಳುವುದು ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಸಂಜೆ ಎದ್ದು ನಿಂತಾಗ ಒಂದು ನಿಮಿಷ ಮೇಜು ಹಿಡಿದುಕೊಂಡೇ ಇರುತ್ತಿದ್ದಳು. ಮೊದಲ ವರ್ಷ ನಾನೂ ಹಾಗೇ ಹಿಡಿದುಕೊಂಡಿದ್ದೆ, ಆದರೆ ನನಗೆ ಆಗ ಇಪ್ಪತ್ತೆಂಟು.

ಈಗ ಪುಸ್ತಕಗಳ ವಿಷಯ ಹೇಳಬೇಕು. ಆಚೆಗೆ ಹೋಗುವವರಿಗೆ ನಮ್ಮಲ್ಲಿ ಎರಡು ಪುಸ್ತಕ. ಒಂದು ಹೋಗಿ ಬರುವವರದು. ಆಚೆ ಆಸ್ಪತ್ರೆಗೆ, ವ್ಯಾಪಾರಕ್ಕೆ, ನೆಂಟರ ಮನೆಗೆ ಹೋಗಿ ಏಳು ದಿನದೊಳಗೆ ತಿರುಗಿ ಬರುವವರು ಅದರಲ್ಲಿ. ಅವರ ಗುರುತಿನ ಕಾರ್ಡನ್ನು ನಾವು ಇಟ್ಟುಕೊಂಡು ಗೋಡೆಯ ಮೇಲಿನ ಮರದ ಗೂಡುಗಳಲ್ಲಿ ಸಿಕ್ಕಿಸುತ್ತೇವೆ, ಕೈಗೆ ನಂಬರು ಹೊಡೆದ ತಗಡಿನ ಬಿಲ್ಲೆ ಕೊಡುತ್ತೇವೆ. ಬಂದಾಗ ಬಿಲ್ಲೆ ಕೊಟ್ಟು ಕಾರ್ಡು ಒಯ್ಯಬೇಕು. ಇನ್ನೊಂದು ಹೋಗುವವರ ಪುಸ್ತಕ, ಪೂರ್ತಿಯಾಗಿ ಹೋಗುವವರದು. ಅವರ ಕಾರ್ಡಿನ ಮೂಲೆಗೆ ಪಂಚ್ ಹೊಡೆದು ಅವರಿಗೇ ಕೊಟ್ಟುಬಿಡುತ್ತೇವೆ. ತೂತು ಬಿದ್ದ ಕಾರ್ಡು ಹಿಡಿದು ಆಮೇಲೆ ಒಂದು ದಿನದ ಮಟ್ಟಿಗೂ ಈಚೆಗೆ ಬರುವ ಹಾಗಿಲ್ಲ.

ಯಾರು ಯಾವ ಪುಸ್ತಕಕ್ಕೆ ಎಂಬುದು ಅವರ ಮಾತಿನ ಮೇಲೆ. ನಿಯಮದಲ್ಲಿ ಹೀಗೇ ಇದೆ: ‘ಪ್ರಯಾಣಿಕರು ತಮ್ಮ ಬಾಯಿಂದ ಹೇಳಿದ್ದನ್ನೇ ಬರೆಯತಕ್ಕದ್ದು, ಸಿಬ್ಬಂದಿಯು ತನ್ನ ಊಹೆಯನ್ನು ಬರೆಯತಕ್ಕದ್ದಲ್ಲ.’ ಬರೆದದ್ದನ್ನು ತಿದ್ದಬೇಕಾದರೆ ಅದೇ ಪ್ರಯಾಣಿಕರು ಕಿಟಕಿಗೆ ಬಂದು, ಮತ್ತೆ ಬಾಯಿಬಿಟ್ಟು ಹೇಳಿ, ಹೆಬ್ಬೆಟ್ಟು ಒತ್ತಬೇಕು.

ಈ ನಿಯಮ ಬರೆದ ಪುಣ್ಯಾತ್ಮನನ್ನು ಯಾರೂ ಯಾವತ್ತೂ ಬಾಗಿಲವರೆಗೆ ಬಂದು ಕಳಿಸಿಕೊಟ್ಟಿರಲಿಕ್ಕಿಲ್ಲ. ನಮ್ಮ ಜನ ಹೊರಡುವಾಗ ‘ಹೋಗ್ತೀನಿ’ ಅನ್ನುತ್ತಾರೆಯೇ? ಮೂಲೆಯ ಅಂಗಡಿಗೆ ಹೋಗುವವನೂ ‘ಹೋಗಿ ಬರ್ತೀನಿ’, ಮನೆ ಖಾಲಿ ಮಾಡಿ ದೇಶ ಬಿಡುವವನೂ ‘ಹೋಗಿ ಬರ್ತೀನಿ’. ಬಾಯಿ ತಪ್ಪಿ ಬರೀ ‘ಹೋಗ್ತೀನಿ’ ಅಂದರೆ ಮನೆಯ ಹೆಂಗಸರು ‘ಬಿಡ್ತು ಅನ್ನು’ ಎಂದು ಗದರುತ್ತಾರೆ. ಹಾಗಾಗಿ ನಮ್ಮಂಥ ಹಳಬರು ಆ ಮಾತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ನಾವು ಕೇಳುವುದು ಒಂದೇ: ‘ಎಷ್ಟು ದಿನ?’ ಅದಕ್ಕೆ ಬರುವ ಉತ್ತರ ನಿಜ. ಇದು ಯಾವ ನಿಯಮದಲ್ಲೂ ಇಲ್ಲ, ಒಬ್ಬರಿಂದ ಒಬ್ಬರಿಗೆ ಬಾಯಿಯಲ್ಲೇ ಬಂದದ್ದು. ಹೊಸಬರಿಗೆ ಇದನ್ನು ಹೇಳಿಕೊಡುವುದು ನನ್ನ ಕೆಲಸ.

ಟೀಚರಿಗೆ ನಾನು ಹೇಳಿಕೊಡಲಿಲ್ಲ. ಮೊದಲ ಐದು ತಿಂಗಳು ಅವಳನ್ನು ಒಳಗೆ ಬರುವವರ ಬ್ಯಾಗು ನೋಡಲು ಹಾಕಿದ್ದರು. ಆರನೇ ತಿಂಗಳು ನನ್ನ ಪಕ್ಕದ ಕಿಟಕಿಗೆ, ಆಚೆಗೆ ಹೋಗುವವರ ಸಾಲಿಗೆ ಹಾಕಿದರು. ಅವತ್ತು ನನಗೆ ದವಡೆ ಹಲ್ಲಿನ ನೋವು. ರಜೆ ಕೇಳಿ, ಇಲ್ಲ ಅನ್ನಿಸಿಕೊಂಡು, ಉರಿದು ಬೀಳುತ್ತಾ ಬಂದು ಕೂತಿದ್ದೆ. ‘ಸಾರ್, ಇಲ್ಲಿ ಏನೇನು ನೋಡ್ಕೋಬೇಕು?’ ಎಂದು ಕೇಳಿದಳು. ‘ನೋಡ್ಕೊಳ್ಳೋಕೆ ಏನಿದೆ ಮಣ್ಣು! ಕೇಳೋದು, ಬರೆಯೋದು’ ಎಂದೆ.

ಅವತ್ತೇ, ಹನ್ನೊಂದು ಗಂಟೆಯ ಸುಮಾರಿಗೆ, ಆ ಅಜ್ಜಿ ಬಂದದ್ದು. ಜೊತೆಗೆ ಯಾರೂ ಇರಲಿಲ್ಲ. ತಳ್ಳುಗಾಡಿಯವನ ಗಾಡಿಯಲ್ಲಿ ಒಂದು ಟ್ರಂಕು, ಸುತ್ತಿ ಕಟ್ಟಿದ ಹಾಸಿಗೆ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಹಂಡೆ. ಸಾಲು ಉದ್ದವಿತ್ತು, ಬಿಸಿಲಿತ್ತು, ಹಿಂದಿನವರು ಗಲಾಟೆ ಮಾಡುತ್ತಿದ್ದರು.

‘ಅಜ್ಜಿ, ಹೋಗೋದಾ, ಹೋಗಿ ಬರೋದಾ?’

‘ಹೋಗಿ ಬರ್ತೀನಿ ತಾಯಿ’ ಎಂದಳು ಅಜ್ಜಿ.

ಟೀಚರ್ ಒಂದು ಕ್ಷಣ ಆ ಟ್ರಂಕನ್ನು ನೋಡಿದಳು. ಆಮೇಲೆ ಬಾಯಿಂದ ಬಂದದ್ದನ್ನೇ ಬರೆದಳು. ಊಹೆ ಬರೆಯಬಾರದೆಂದು ತರಬೇತಿಯಲ್ಲಿ ಅವಳ ತಲೆಗೆ ತುಂಬಿದ್ದರಲ್ಲ. ಕಾರ್ಡು ಗೂಡಿಗೆ ಹೋಯಿತು, ನೂರಹನ್ನೆರಡನೇ ನಂಬರಿನ ಬಿಲ್ಲೆ ಅಜ್ಜಿಯ ಕೈಗೆ ಹೋಯಿತು. ‘ಕಾರ್ಡು ಜೋಪಾನಮ್ಮಾ’ ಎಂದು ಅಜ್ಜಿ ಹೇಳಿ ಹೊರಟಳು. ಟ್ರಂಕು ನನಗೂ ಕಂಡಿತ್ತು. ಹಾಸಿಗೆ ಕಟ್ಟಿಕೊಂಡು ಏಳು ದಿನಕ್ಕೆ ಯಾರೂ ಹೋಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಲ್ಲು ನೋಯುತ್ತಿತ್ತು. ಸುಮ್ಮನಿದ್ದೆ.

ಎಂಟನೇ ದಿನ ಗೂಡು ನೋಡಿದಾಗ ಆ ಕಾರ್ಡು ಅಲ್ಲೇ ಇತ್ತು. ಒಂಬತ್ತು, ಹತ್ತು, ಹದಿನೈದನೇ ದಿನವೂ ಅಲ್ಲೇ. ಸಾಹೇಬರು ಅವಳನ್ನು ಕರೆಸಿದರು. ಅವರು ಕೆಟ್ಟವರಲ್ಲ, ಫೈಲಿನ ಮನುಷ್ಯ ಅಷ್ಟೆ.

‘ನಿಮ್ಮ ಪ್ರೊಬೇಷನ್ನಿನ ಆರು ತಿಂಗಳು ಮುಗಿಯೋಕೆ ಇನ್ನು ಹದಿನೈದು ದಿನ ಇದೆ. ಅಷ್ಟರೊಳಗೆ ಈ ಕಾರ್ಡು ಗೂಡಿಂದ ಇಳೀಬೇಕು. ಹೊಸಬರ ಪುಸ್ತಕದಲ್ಲಿ ಒಂದು ಬಾಕಿ ಇದ್ರೂ ನಾನು ಖಾಯಂಗೆ ಬರೆಯೋ ಹಾಗಿಲ್ಲ’ ಎಂದರು.

ನಮ್ಮಂಥ ಖಾಯಂ ಜನಕ್ಕಾದರೆ ಒಂದು ಮೆಮೊ ಕೊಡುತ್ತಾರೆ, ಮುಗಿಯಿತು. ನನ್ನ ಬೀರುವಿನಲ್ಲಿ ಅಂಥವು ಹನ್ನೊಂದಿವೆ. ಹೊಸಬರನ್ನು ಮನೆಗೆ ಕಳಿಸುತ್ತಾರೆ. ಅವಳು ಬಿಟ್ಟು ಬಂದ ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಇನ್ನು ಮೂರು ತಿಂಗಳಿಗೆ ಅವಳಿಗೆ ಮೂವತ್ತೈದು ತುಂಬುತ್ತಿತ್ತು.

ನಾನು ಸಾಹೇಬರ ಕೋಣೆಗೆ ಹೋದೆ. ‘ಅವಳಿಗೆ ನಾನು ಹೇಳಿಕೊಡಬೇಕಾಗಿತ್ತು ಸಾರ್, ಹೇಳಲಿಲ್ಲ. ತಪ್ಪು ನಂದು’ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ‘ಬರಹದಲ್ಲಿ ಕೊಡ್ತೀರಾ?’ ಎಂದು ಕೇಳಿದರು. ನಿವೃತ್ತಿಗೆ ನನಗೆ ಹದಿನೆಂಟು ತಿಂಗಳಿತ್ತು. ‘ನೋಡೋಣ’ ಎಂದು ಹೇಳಿ ಎದ್ದು ಬಂದೆ. ಆ ‘ನೋಡೋಣ’ ಈಗಲೂ ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಅವತ್ತು ಸಂಜೆ ಅವಳ ಜೊತೆ ಅವಳ ಮನೆಯವರೆಗೆ ಹೋದೆ. ನಾನು ಯಾರ ಮನೆಗೂ ಹೋಗುವ ಪೈಕಿಯಲ್ಲ. ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆ. ಗಿರಣಿ ಓಡುವಾಗ ನೆಲ ನಡುಗುತ್ತಿತ್ತು. ಕಿಟಕಿಯ ಸರಳಿನಿಂದ ಹಿಡಿದು ಲೋಟದ ಅಂಚಿನವರೆಗೆ ಎಲ್ಲದರ ಮೇಲೂ ತೆಳ್ಳಗೆ ಹಿಟ್ಟು ಕೂತಿತ್ತು. ಅವಳ ಗಂಡ ಗೋಡೆ ಬದಿಯ ಚಾಪೆಯ ಮೇಲೆ ಮಲಗಿದ್ದ. ಲಾರಿಗೆ ಮೂಟೆ ಹೇರುವ ಕೆಲಸ ಮಾಡುತ್ತಿದ್ದವನು, ಎರಡು ವರ್ಷದ ಹಿಂದೆ ಮೂಟೆಯ ಜೊತೆಗೇ ಬಿದ್ದು ಬೆನ್ನು ಕೆಡಿಸಿಕೊಂಡಿದ್ದ. ಸ್ಟೂಲಿನ ಮೇಲೆ ಅರ್ಧ ಗಂಟೆ ಕೂತು ಅಡಿಗೆ ಮಾಡುತ್ತಿದ್ದ, ಉಳಿದ ಹೊತ್ತೆಲ್ಲ ಚಾಪೆ. ನಮ್ಮ ಇಲಾಖೆಯ ಆಸ್ಪತ್ರೆಯಲ್ಲಿ ಆಪರೇಷನ್ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಖಾಯಂ ನೌಕರರ ಮನೆಯವರನ್ನು ಮಾತ್ರ ಅಲ್ಲಿ ಸೇರಿಸಿಕೊಳ್ಳುತ್ತಾರೆ. ಅವಳು ಅಷ್ಟು ದೊಡ್ಡ ಬೂಟು ಹಾಕಿಕೊಂಡು ಓಡಿದ್ದು ಇದಕ್ಕಾಗಿ ಎಂದು ನನಗೆ ಆಗಲೇ ಗೊತ್ತಾದದ್ದು.

‘ಬನ್ನಿ ಸಾರ್, ಕೂತ್ಕೊಳ್ಳಿ. ಎದ್ದು ನಿಂತು ಮರ್ಯಾದೆ ಕೊಡೋಣ ಅಂದ್ರೆ ನನ್ನ ಬೆನ್ನು ಆಗ್ಲೇ ಖಾಯಂ ಆಗಿ ಮಲಗಿಬಿಟ್ಟಿದೆ’ ಎಂದ ಗಂಡ. ‘ಇನ್ನು ಇವಳದೊಂದು ಖಾಯಂ ಆದ್ರೆ ಇದನ್ನ ಎಬ್ಬಿಸಬಹುದು.’

‘ನೀವು ಸುಮ್ನಿರ್ತೀರಾ?’ ಎಂದು ಅವಳು ಟೀ ಸೋಸುತ್ತಾ ಗದರಿದಳು.

ನಾನು ಬಂದ ವಿಷಯಕ್ಕೆ ಬಂದೆ. ‘ನೋಡಮ್ಮಾ, ಇದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ನಾಳೆ ಬೆಳಿಗ್ಗೆ ಆ ಕಾರ್ಡಿಗೆ ಒಂದು ಪಂಚ್ ಹೊಡಿ. ಇನ್ನೊಂದು ಪುಸ್ತಕದಲ್ಲಿ ಒಂದು ಸಾಲು ಬರಿ. ಹೆಬ್ಬೆಟ್ಟು ನಂದೇ ಒತ್ತುತ್ತೀನಿ, ಹೆಬ್ಬೆಟ್ಟಿಗೇನು ಮುಖ ಇರುತ್ತಾ?’

‘ಬೇಡ ಸಾರ್’ ಎಂದಳು. ‘ಅವರು ಬರ್ತೀನಿ ಅಂದಿದ್ದಾರೆ. ನಿಜವಾಗ್ಲೂ ಬರೋರೇ ಆಗಿದ್ರೆ? ತಡವಾಗಿ ಬಂದ್ರೆ ನಾವು ಬೈದು ಒಳಗೆ ಬಿಡ್ತೀವಿ, ಅಷ್ಟೇ ತಾನೆ. ತೂತು ಬಿದ್ರೆ ಬಿಡೋಕೇ ಆಗಲ್ಲ.’

‘ಹಾಸಿಗೆ ಕಟ್ಕೊಂಡು ಹೋದೋರು ಬರ್ತಾರಾ?’

‘ಅದು ನನ್ನ ಊಹೆ ಸಾರ್. ಅವರ ಮಾತಲ್ಲ.’

‘ಬಿಡಿ ಸಾರ್’ ಎಂದ ಗಂಡ, ಮಾಡು ನೋಡುತ್ತಾ. ‘ಟೀಚರಿಗೇ ಕಾಪಿ ಹೊಡಿ ಅಂತೀರಲ್ಲ, ಕಿವಿ ಹಿಂಡಿಯಾಳು.’ ಟೀ ಕುಡಿದು ಎದ್ದೆ.

ಅವಳ ವಾರದ ರಜೆ ಬಂತು. ಅವತ್ತು ಸೀರೆ ಉಟ್ಟುಕೊಂಡು, ಸಾಲಿನಲ್ಲಿ ಎಲ್ಲರಂತೆ ನಿಂತು, ನನ್ನ ಕಿಟಕಿಗೆ ಬಂದು ತನ್ನ ಕಾರ್ಡು ಕೊಟ್ಟಳು. ಕಾರ್ಡಿನಲ್ಲಿದ್ದ ಅಜ್ಜಿಯ ವಿಳಾಸಕ್ಕೆ ಹಿಂದಿನ ದಿನವೇ ಹೋಗಿದ್ದಳಂತೆ. ಅಲ್ಲಿ ಬೇರೆ ಬಾಡಿಗೆಯವರು ಇದ್ದರು. ಆಚೆ ಬಸ್ ಡಿಪೋ ಹಿಂದೆ ಮಗಳ ಮನೆ ಇದೆ ಎಂದು ಪಕ್ಕದ ಮನೆಯವರು ಹೇಳಿದ್ದರು.

‘ಹೋಗಿ ಬರ್ತೀನಿ ಸಾರ್’ ಎಂದಳು.

‘ಎಷ್ಟು ದಿನ?’ ಎಂದೆ. ಇಪ್ಪತ್ತೊಂಬತ್ತು ವರ್ಷದ ಅಭ್ಯಾಸ, ತಾನಾಗಿ ಬಾಯಿಗೆ ಬಂತು.

ಅವಳು ಹಾಗೇ ನಿಂತಳು. ನನ್ನ ಮುಖ ನೋಡಿದಳು. ‘ಹೀಗೆ ಕೇಳ್ಬೇಕಿತ್ತಾ ಸಾರ್?’

‘ಹೌದು.’

‘ನಂಗೆ ಯಾರೂ ಹೇಳ್ಲಿಲ್ಲ.’

‘ನಾನು ಹೇಳ್ಬೇಕಾಗಿತ್ತು’ ಎಂದೆ. ಎರಡು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ‘ಒಂದೇ ದಿನ, ಸಂಜೆ ಬರ್ತೀನಿ’ ಎಂದು ಹೇಳಿ ಬಿಲ್ಲೆ ತೆಗೆದುಕೊಂಡು ಸೇತುವೆಯ ಕಡೆ ನಡೆದಳು.

ಸಂಜೆ ಬಂದವಳು ನಡೆದದ್ದನ್ನು ಹೇಳಿದಳು. ಒಂದೇ ಕೋಣೆಯ ಮನೆ. ಮಗಳು ಬಟ್ಟೆ ಹೊಲಿಯುವ ಕಾರ್ಖಾನೆಗೆ ಹೋಗುತ್ತಾಳೆ, ಅಜ್ಜಿ ಇಡೀ ದಿನ ಒಬ್ಬಳೇ. ಬಿಲ್ಲೆಯನ್ನು ಕರವಸ್ತ್ರದಲ್ಲಿ ಕಟ್ಟಿ ಟ್ರಂಕಿನ ತಳದಲ್ಲಿ ಇಟ್ಟಿದ್ದಳಂತೆ. ‘ಹೊರಡೋವಾಗ ಹೋಗಿ ಬರ್ತೀನಿ ಅನ್ನದೆ ಮತ್ತೇನನ್ನಲಿ ಮಗಳೇ?’ ಎಂದು ಕೇಳಿದಳಂತೆ. ವಾಪಸು ಬರುವ ಮನಸ್ಸಿತ್ತಾ ಎಂದು ಇವಳು ಕೇಳಿದ್ದಕ್ಕೆ, ‘ಮನಸ್ಸಿಗೇನು, ಇರುತ್ತೆ. ಯಾವಾಗಲಾದ್ರೂ ಒಂದ್ಸಲ ಬಂದು, ನಾನಿದ್ದ ಬೀದೀಲಿ ಒಂದು ಸುತ್ತು ಹೊಡೆದು ಹೋಗೋಣ ಅಂತ’ ಅಂದಳಂತೆ.

‘ನೀನು ಏನಂದೆ?’ ಎಂದು ಕೇಳಿದೆ.

‘ಎಲ್ಲಾ ಇದ್ದಿದ್ದು ಇದ್ದ ಹಾಗೆ ಹೇಳ್ದೆ ಸಾರ್. ಗಡುವು ಮೀರಿದೆ, ಈಗ ವಾಪಸು ಬಂದ್ರೆ ಇನ್ನೊಂದು ವರ್ಷ ಆಚೆ ಹೋಗೋಕೆ ಬಿಲ್ಲೆ ಸಿಗಲ್ಲ, ಆದ್ರೆ ಕಾರ್ಡು ಹಾಗೇ ಇದ್ರೆ ಯಾವತ್ತಾದ್ರೂ ಈಚೆ ಬರಬಹುದು. ತೂತು ಹೊಡೆದ್ರೆ ಬರೋಕಾಗಲ್ಲ. ನಿಮ್ಮಿಷ್ಟ ಅಜ್ಜಿ ಅಂದೆ.’

‘ನಿನ್ನ ಕೆಲಸದ ವಿಷ್ಯ?’

‘ನಾನು ಹೇಳಲಿಲ್ಲ. ಅವರೇ ಕೇಳಿದ್ರು. ಯೂನಿಫಾರಂ ಬಿಟ್ಟು ರಜೆ ದಿನ ಇಷ್ಟು ದೂರ ಯಾಕೆ ಬಂದೆ, ನಿನಗೇನಾದ್ರೂ ತೊಂದ್ರೆಯಾ ಅಂತ. ನನ್ನ ಕೈಲಿ ಸುಳ್ಳು ಹೇಳೋಕೆ ಆಗಲಿಲ್ಲ ಸಾರ್.’ ಕುರ್ಚಿಯಲ್ಲಿ ಕೂತು ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ‘ಹೇಳಬಾರದಿತ್ತು’ ಎಂದಳು.

ಮೂರನೇ ದಿನ ಅಜ್ಜಿ ಬಂದಳು. ಸೇತುವೆಯ ಆ ತುದಿಯಲ್ಲಿ ಸಣ್ಣಗೆ ಕಂಡವಳು ನಮ್ಮ ಕಿಟಕಿ ಮುಟ್ಟುವಷ್ಟರಲ್ಲಿ ನಾನು ನಲವತ್ತು ಜನರನ್ನು ಕಳಿಸಿದ್ದೆ. ಕಂಬಿ ಹಿಡಿದು ನಾಲ್ಕು ಹೆಜ್ಜೆ ಇಡುವುದು, ನಿಲ್ಲುವುದು. ಟೀಚರ್ ನೋಡಿದಳು, ಎದ್ದಳು, ಮತ್ತೆ ಕೂತಳು. ಕಿಟಕಿ ಬಿಟ್ಟು ಹೋಗುವ ಹಾಗಿರಲಿಲ್ಲ. ನಾನು ಕಾವಲಿನವನಿಗೆ ಹೇಳಿ ಅಜ್ಜಿಯನ್ನು ಸಾಲಿನ ಮುಂದಕ್ಕೆ ಕರೆಸಿದೆ. ನಾನು ಮಾಡಿದ್ದು ಅಷ್ಟೇ.

ಅಜ್ಜಿ ಕರವಸ್ತ್ರದ ಗಂಟು ಬಿಚ್ಚಿ ಬಿಲ್ಲೆಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು. ಟೀಚರ್ ಗೂಡಿನಿಂದ ಕಾರ್ಡು ತೆಗೆದು ಎದುರಿಗಿಟ್ಟುಕೊಂಡಳು. ‘ಅಜ್ಜಿ, ಇನ್ನೊಂದ್ಸಲ ಯೋಚನೆ ಮಾಡಿ’ ಎಂದಳು.

‘ಮಾಡಿದ್ದಾಯ್ತು. ಕೇಳು.’

ಅವಳು ಕೇಳಿದಳು. ‘ಅಜ್ಜಿ, ಹೋಗೋದಾ, ಹೋಗಿ ಬರೋದಾ?’

‘ಹೋಗಿ ಬ…’ ಎಂದ ಅಜ್ಜಿ ನಿಲ್ಲಿಸಿದಳು. ತಲೆ ಕೊಡವಿದಳು. ಮತ್ತೆ ಬಾಯಿ ತೆರೆದಳು. ಮತ್ತೆ ಅದೇ ‘ಹೋಗಿ’ ಬಂತು, ಮುಂದಕ್ಕೆ ಹೋಗಲಿಲ್ಲ.

‘ಹೋಗ್ತೀನಿ ಅಂದ್ಬಿಡಿ ಅಜ್ಜಿ’ ಎಂದೆ ನಾನು, ಪಕ್ಕದ ಕಿಟಕಿಯಿಂದ.

‘ತಡಿಯಪ್ಪಾ’ ಎಂದಳು. ‘ಎಪ್ಪತ್ಮೂರು ವರ್ಷ ಈ ಬಾಯಲ್ಲಿ ಆ ಮಾತು ಬಂದಿಲ್ಲ. ನಮ್ಮಪ್ಪನ ಮನೆಯಿಂದ ಹೊರಡೋವಾಗ್ಲೂ ಬಂದಿಲ್ಲ.’

ಟೀಚರ್ ತನ್ನ ನೀರಿನ ಬಾಟಲಿ ಕೊಟ್ಟಳು. ಅಜ್ಜಿ ಎರಡು ಗುಟುಕು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ನಮ್ಮ ತಲೆಗಳ ಮೇಲಿನಿಂದ, ಠಾಣೆಯ ಹಿಂಬಾಗಿಲಿನಲ್ಲಿ ಕಾಣುವ ನಮ್ಮ ಕಡೆಯ ರಸ್ತೆ ನೋಡಿದಳು. ಅಲ್ಲಿ ನೋಡುವಂಥದ್ದೇನೂ ಇಲ್ಲ. ಒಂದು ಸೈಕಲ್ ರಿಪೇರಿ ಅಂಗಡಿ, ಎರಡು ಆಟೋ, ನಿಂತ ಒಂದು ಬಸ್ಸು. ಅಜ್ಜಿ ಅವನ್ನೇ ಬಹಳ ಹೊತ್ತು ನೋಡಿದಳು.

‘ಹೋಗ್ತೀನಿ’ ಎಂದಳು.

ಹಿಂದೆ ನಿಂತಿದ್ದ ಹೆಂಗಸಿಗೆ ಇದರ ಹಿಂದುಮುಂದು ಗೊತ್ತಿರಲಿಲ್ಲ. ‘ಅಯ್ಯೋ, ಬಿಡ್ತು ಅನ್ನಜ್ಜಿ!’ ಎಂದುಬಿಟ್ಟಳು. ಅಜ್ಜಿ ಅವಳ ಕಡೆ ತಿರುಗಿ ಇಲ್ಲವೆಂಬಂತೆ ಕೈಯಾಡಿಸಿದಳು.

ಟೀಚರ್ ಬರೆದಳು. ಅವಳು ಬರೆದ ಸಾಲುಗಳಲ್ಲಿ ಆ ಒಂದು ಸಾಲು ಮಾತ್ರ ಸೊಟ್ಟಗೆ ಇದೆ. ಅಜ್ಜಿಯ ಹೆಬ್ಬೆರಳು ಹಿಡಿದು ಶಾಯಿಗೆ ಅದ್ದಿ ಒತ್ತಿಸಿದಳು, ಬಟ್ಟೆಯಿಂದ ತಾನೇ ಒರೆಸಿದಳು. ಪಂಚ್ ಮಷಿನ್ನಿಗೆ ಕಾರ್ಡಿನ ಮೂಲೆ ಇಟ್ಟು ಒಂದು ಕೈಯಿಂದ ಒತ್ತಿದಳು, ಆಗಲಿಲ್ಲ. ಎರಡೂ ಕೈ ಇಟ್ಟು ಒತ್ತಿದಳು. ಕಾರ್ಡನ್ನು ಕಿಟಕಿಯಾಚೆ ಕೊಟ್ಟಳು.

ಅಜ್ಜಿ ಅದನ್ನು ತೆಗೆದುಕೊಂಡು ಕರವಸ್ತ್ರದಲ್ಲಿ ಕಟ್ಟಿಕೊಂಡಳು. ಹೊರಡಲು ತಿರುಗಿದವಳು ಮತ್ತೆ ಬಂದು ಕಿಟಕಿಗೆ ಬಗ್ಗಿದಳು. ಪಾಠ ಒಪ್ಪಿಸಿದ ಮಗುವಿನ ಹಾಗೆ ಟೀಚರ್ ಮುಖ ನೋಡಿದಳು.

‘ಸರಿಯಾಗಿ ಹೇಳಿದ್ನಾ ಮಗಳೇ?’

‘ಸರಿಯಾಗಿ ಹೇಳಿದ್ರಿ ಅಜ್ಜಿ.’

‘ಇನ್ನು ನಿನ್ನ ಕೆಲಸಕ್ಕೇನೂ ತೊಂದ್ರೆ ಇಲ್ವಲ್ಲ?’

‘ಇಲ್ಲ’ ಎಂದಳು ಟೀಚರ್.

ಅಜ್ಜಿ ಕಂಬಿ ಹಿಡಿದುಕೊಂಡು ನಡೆದಳು. ಮುಂದಿನವರನ್ನು ಕರೆಯಬೇಕಾದವಳು ಟೀಚರ್. ಅವಳು ತಲೆ ಬಗ್ಗಿಸಿ ಪುಸ್ತಕದ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತಿದ್ದಳು. ಅವಳ ಸಾಲಿನವರನ್ನು ನಾನೇ ನನ್ನ ಕಿಟಕಿಗೆ ಕರೆದೆ.